ಬೇಗೂರಿನ ಕಲ್ಲು, ಹತ್ತು ರೂಪಾಯಿ ಪುಸ್ತಕ

(ಬೇಗೂರಿನ ಎಳೆಯರು ತಾವೇ ಬರೆದು, ತಾವೇ ಪ್ರತಿ ತೆಗೆಸಿದ ಚಿತ್ರಕಥೆ ಪುಸ್ತಕಗಳ ಪುಟ್ಟ ಪ್ರದರ್ಶನವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು 'ಕಾಮಿಕ್ಸ್ ಬಗ್ಗೆ ನಾಲ್ಕು ಮಾತು ಆಡಿ' ಎಂದರು. ನಾನು ವಾರಪತ್ರಿಕೆಗಳ ಕಥೆಗಳಿಗೆ ಚಿತ್ರ ಬರೆದು ಬದುಕಿದವನು. ಭಾಷಣ ನನ್ನ ಕಸುಬಲ್ಲ. ಏನು ಹೇಳಬೇಕೆಂದು ತೋಚದೆ ಒಂದು ಗಂಟೆ ಮುಂಚೆಯೇ ಬಂದು ಇಲ್ಲಿಯ ನಾಗೇಶ್ವರ ದೇವಸ್ಥಾನದ ಅಂಗಳದಲ್ಲಿ ಓಡಾಡಿದೆ. ಅಲ್ಲಿ ಒಂದು ಕಲ್ಲಿದೆ. ನಿಮಗೆಲ್ಲ ಗೊತ್ತಿರುವುದೇ. ಸುಮಾರು ಕ್ರಿ.ಶ. 890ರ ಹೊತ್ತಿನದು ಎನ್ನುತ್ತಾರೆ. ಗಂಗರ ಕಾಲದ್ದು. 'ಬೆಂಗಳೂರು' ಎಂಬ ಹೆಸರು ಮೊಟ್ಟಮೊದಲು ಕಾಣಿಸುವುದು ಅದರಲ್ಲಿ. ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಅಜ್ಜಿ ಕಾಳು ಬೇಯಿಸುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿನ ಹೆಸರು ಬೇಗೂರಿನಲ್ಲಿ ಕಲ್ಲಿಗೆ ಬಿದ್ದಿತ್ತು. ಅದೂ ಎಂಥ ಸುದ್ದಿಯಾಗಿ? ಬೆಂಗಳೂರಿನ ಕಾಳಗದಲ್ಲಿ ನಾಗತ್ತರ ಎಂಬ ನಾಯಕನ ಮನೆಗೆ ಸೇರಿದ ಒಬ್ಬಾತ ಸತ್ತ ಎಂಬ ಸುದ್ದಿಯಾಗಿ. ಇಷ್ಟು ದೊಡ್ಡ ನಗರದ ಹೆಸರು ಮೊದಲ ಬಾರಿಗೆ ನಮಗೆ ಸಿಗುವುದು ಒಂದು ಸಾವಿನ ಪತ್ರದಲ್ಲಿ. ಬಹುಕಾಲ ಆ ಕಲ್ಲನ್ನು ಕೇಳುವವರೂ ಇರಲಿಲ್ಲ.

ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಇನ್ನೊಂದು ಕಲ್ಲಿನ ಮಾತು. ಅದು ಬೇಗೂರಿನದೇ, ಆದರೆ ಈಗ ಬೇಗೂರಿನಲ್ಲಿಲ್ಲ. ಕಸ್ತೂರ ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅದರ ಪಾಠ ಇದೆ. ಎರೆಯಪ್ಪರಸ ಗಂಗವಾಡಿ ಆಳುತ್ತಿದ್ದಾಗ, ಅಯ್ಯಪದೇವನ ನೆರವಿಗೆಂದು ನಾಗತ್ತರನನ್ನು ದಂಡಿನ ಸಹಿತ ಕಳಿಸಿದ. ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನೊಡನೆ ಯುದ್ಧವಾಯಿತು. ಕಾಳಗ ಕೆಟ್ಟಾಗ ನಾಗತ್ತರ ಆನೆಗೆ ಎದುರಾಗಿ ಹೊಡೆದಾಡಿ ಸತ್ತ. ಅದನ್ನು ಕೇಳಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಆ ಬೆಂಪೂರೇ ಈಗ ನಾವು ಕೂತಿರುವ ಬೇಗೂರು.

ಇದು ಬರಹದ ಮಾತಾಯಿತು. ಚಿತ್ರ? ನಾನು ಮೊದಲ ಬಾರಿಗೆ ಅದನ್ನು ನೋಡಿದಾಗ ಇಪ್ಪತ್ತರ ಹುಡುಗ. ಕಲ್ಲಿನ ಮುಂದೆ ನಿಂತು ಎಲ್ಲಿಂದ ನೋಡಬೇಕೆಂದೇ ತಿಳಿಯಲಿಲ್ಲ. ಆನೆಯಿದೆ, ಕುದುರೆಯಿದೆ, ಬಿಲ್ಲು ಕತ್ತಿಗಳ ಕಾಲಾಳುಗಳಿದ್ದಾರೆ, ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ, ಹೆಣಗಳಿಗೆ ನರಿಗಳೂ ಹದ್ದುಗಳೂ ಮುತ್ತಿವೆ. ಶಿಲ್ಪಿ ಎಲ್ಲೂ ಉಸಿರು ಬಿಡಲು ಜಾಗ ಕೊಟ್ಟಿಲ್ಲ. ಯುದ್ಧವೆಂದರೆ ಹೀಗೇ, ನಡುವೆ ಸಿಕ್ಕವನಿಗೆ ಯಾವ ಕಡೆ ಯಾರೆಂದು ತಿಳಿಯುವುದಿಲ್ಲ ಎಂದು ಆ ಶಿಲ್ಪಿಗೆ ಗೊತ್ತಿತ್ತೆಂದು ನನ್ನ ಅನುಮಾನ.

ಸಾಮಾನ್ಯ ವೀರಗಲ್ಲು ಹೀಗಿರುವುದಿಲ್ಲ. ಅದು ಮನೆಗಳಾಗಿ, ಅಂದರೆ ಅಂತಸ್ತುಗಳಾಗಿ ಭಾಗವಾಗಿರುತ್ತದೆ. ಕೆಳಗಿನ ಮನೆಯಲ್ಲಿ ವೀರ ಹೊಡೆದಾಡುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಮನೆಯಲ್ಲಿ ಕೈಲಾಸ. ಲಿಂಗದ ಮುಂದೆ ಅದೇ ವೀರ ಕೈಮುಗಿದು ಕೂತಿದ್ದಾನೆ. ಮೂರು ಮನೆ, ಒಬ್ಬನೇ ಮನುಷ್ಯ, ಮೂರು ಹೊತ್ತು. ನಡುವೆ ಒಂದು ಪಟ್ಟಿ, ಆ ಪಟ್ಟಿಯ ಮೇಲೆ ಬರಹ. ಇದಕ್ಕಿಂತ ಹೆಚ್ಚಿನದೇನೂ ಕಾಮಿಕ್ಸ್‌ನಲ್ಲಿಲ್ಲ. ನಾವು ಮೇಲಿಂದ ಕೆಳಗೆ ಓದುತ್ತೇವೆ, ಅವರು ಕೆಳಗಿಂದ ಮೇಲೆ ಓದುತ್ತಿದ್ದರು ಅಷ್ಟೆ. ಸ್ವರ್ಗಕ್ಕೆ ಹೋಗುವವನು ಮೇಲಕ್ಕಲ್ಲದೆ ಇನ್ನೆಲ್ಲಿಗೆ ಹೋದಾನು?

ಓದುವ ದಿಕ್ಕಿನ ಮಾತು ಬಂತು, ಹೇಳಿಬಿಡುತ್ತೇನೆ. ತರೀಕೆರೆಯ ಹತ್ತಿರ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಾಲಯವಿದೆ. ಹೊರಗೋಡೆಯ ಮೇಲೆ ಕಥೆಗಳನ್ನು ಸಾಲು ಚೌಕಗಳಲ್ಲಿ ಕೆತ್ತಿದ್ದಾರೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣ 70 ಚೌಕಗಳಲ್ಲಿದೆ. ಉತ್ತರದಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45. ಉತ್ತರದವು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ. ರಾಮಾಯಣ ಮಾತ್ರ ಅಪ್ರದಕ್ಷಿಣೆ! ಯಾಕೆಂದು ಪಂಡಿತರು ಏನಾದರೂ ಹೇಳಲಿ, ಚಿತ್ರಕಥೆ ಮಾಡುವವನಾಗಿ ನನಗೆ ಕಾಣುವುದು ಇಷ್ಟು: ಚೌಕಗಳನ್ನು ಜೋಡಿಸುವುದೆಂದರೆ ಓದುವವನ ಕಾಲನ್ನು, ಕಣ್ಣನ್ನು ನಡೆಸುವುದು. ಅಲ್ಲಿ ಭಕ್ತ ನಡೆದು ಓದಬೇಕು. ಇಲ್ಲಿ ಕಣ್ಣು ನಡೆಯಬೇಕು.

ಹಾಗಾದರೆ ಕಾಮಿಕ್ಸ್ ನಮ್ಮ ಕಡೆಯದೇ ಎಂದು ಬೀಗಲು ನಾನು ಬಂದಿಲ್ಲ. ಪ್ರತಿಯೊಂದೂ ನಮ್ಮಲ್ಲೇ ಮೊದಲಿತ್ತು ಎನ್ನುವ ಚಾಳಿ ನನಗೆ ಹಿಡಿಸುವುದಿಲ್ಲ. ರೋಮಿನಲ್ಲಿ ಟ್ರಾಜನ್ ಚಕ್ರವರ್ತಿಯ ಕಂಬಕ್ಕೆ ಸುತ್ತಿದ ಯುದ್ಧಕಥೆ ನಮ್ಮ ಬೇಗೂರಿನ ಕಲ್ಲಿಗಿಂತ ಹಳೆಯದು. ಅಚ್ಚಾದ ಚಿತ್ರಕಥೆಯನ್ನು ಈಗಿನ ರೂಪಕ್ಕೆ ತಂದವರಲ್ಲಿ ಮೊದಲಿಗ ಜಿನೀವಾದ ಒಬ್ಬ ಮೇಷ್ಟ್ರು, ರೊಡಾಲ್ಫ್ ಟಾಪ್ಫರ್. ತನ್ನ ಶಾಲೆಯ ಹುಡುಗರನ್ನು ನಗಿಸಲು ಚಿತ್ರ ಗೀಚುತ್ತಿದ್ದವನು 1833ರಲ್ಲಿ ಅದನ್ನು ಅಚ್ಚು ಹಾಕಿಸಿದ. ಚಿತ್ರವೂ ಅವನದೇ, ಅಕ್ಷರವೂ ಅವನದೇ ಕೈಬರಹ. ಈಗ ನಾವು 'ಸ್ವತಂತ್ರ ಕಾಮಿಕ್ಸ್' ಎಂದು ದೊಡ್ಡ ಹೆಸರಿಟ್ಟು ಕರೆಯುವುದು ಅದನ್ನೇ. ಕಥೆ ಯಾರದೋ, ಚಿತ್ರ ಯಾರದೋ, ಬಣ್ಣ ಇನ್ಯಾರದೋ, ಹಕ್ಕು ಮಾತ್ರ ಕಂಪನಿಯದು ಎಂಬ ಕಾರ್ಖಾನೆಯ ಪದ್ಧತಿಗೆ ಹೊರಗೆ ನಿಂತು ಮಾಡುವ ಕೆಲಸ. ಅಮೆರಿಕದಲ್ಲಿ 1954ರಿಂದ ಕಾಮಿಕ್ಸ್ ಪುಸ್ತಕಗಳ ಮೇಲೆ 'ಇದು ಸಭ್ಯ' ಎಂಬ ಮುದ್ರೆ ಇಲ್ಲದಿದ್ದರೆ ಅಂಗಡಿಯವರು ಮುಟ್ಟುತ್ತಿರಲಿಲ್ಲ. ಮುದ್ರೆಯ ಗೊಡವೆಯೇ ಬೇಡವೆಂದ ರಾಬರ್ಟ್ ಕ್ರಂಬ್ 1968ರಲ್ಲಿ ತನ್ನ ಪುಸ್ತಕವನ್ನು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಮಾರಿದ. ಮಗುವನ್ನು ತಳ್ಳುವ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಮಾರಿದರೆಂದು ಪ್ರಸಿದ್ಧಿ.

ಕನ್ನಡದ ಕಥೆ ಬೇರೆ. ನಮ್ಮಲ್ಲಿ ಚಿತ್ರಕಥೆ ಓದುವವರು ಬಹಳ, ಮಾಡುವವರು ಕಡಿಮೆ. 1949ರಿಂದ ಕನ್ನಡದಲ್ಲಿ ಬರತೊಡಗಿದ ಚಂದಮಾಮದಲ್ಲಿ ಶಂಕರ್ ಅವರು ಬರೆದ ವಿಕ್ರಮ-ಬೇತಾಳ ನೋಡದೆ ಬೆಳೆದವರು ನನ್ನ ಪೀಳಿಗೆಯಲ್ಲಿಲ್ಲ. ಅದು ಚಿತ್ರ ಸಹಿತ ಕಥೆಯೇ ಹೊರತು ಚಿತ್ರಕಥೆಯಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ ಕೊರವಂಜಿಯಲ್ಲಿ ಆರ್.ಕೆ. ಲಕ್ಷ್ಮಣ್ ಎಳೆಯ ಕೈಯಿಂದ ಚಿತ್ರ ಬರೆದರು. ಅದು ನಗೆಚಿತ್ರ. ಇನ್ನು ಅಮರ ಚಿತ್ರಕಥೆ. ಇದರ ಹುಟ್ಟು ಬೆಂಗಳೂರಿನಲ್ಲಿ, ಕನ್ನಡದಲ್ಲಿ ಆಯಿತೆಂಬುದು ಅನೇಕರಿಗೆ ತಿಳಿಯದು. 1965ರಲ್ಲಿ ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮ್ ಅವರು ಮುಂದಾಗಿ ಕನ್ನಡದಲ್ಲಿ ಹತ್ತು ಪುಸ್ತಕ ತರಿಸಿದರು. ಪುರಾಣವಲ್ಲ, ಸಿಂಡ್ರೆಲಾ ಮೊದಲಾದ ಪಶ್ಚಿಮದ ಕಥೆಗಳು. ಅವು ಗೆದ್ದ ಮೇಲೆಯೇ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನ ಮಾಲೆ ಹೊರಟಿತು. ಅದರ ಮೊದಲ ಪುಸ್ತಕ, ರಾಮ್ ವಾಯೀರ್ಕರ್ ಚಿತ್ರಿಸಿದ 'ಕೃಷ್ಣ', ಅದಕ್ಕೇ 11ನೆಯ ಸಂಖ್ಯೆಯಾಗಿ ಬಂತು. ಮೊದಲ ಹತ್ತು ಸಂಖ್ಯೆ ಕನ್ನಡದ್ದು! ಆದರೆ ಆ ನಂತರ ಕನ್ನಡಕ್ಕೆ ಸಿಕ್ಕಿದ್ದು ಬಹುಮಟ್ಟಿಗೆ ಅನುವಾದ.

ಅನುವಾದದಿಂದ ಆದ ಒಂದು ಕೆಡುಕನ್ನು ಹೇಳಬೇಕು, ಇದು ಕಸುಬಿನ ಮಾತು. ಇಂಗ್ಲಿಷ್ ಕಾಮಿಕ್ಸ್‌ನ ಮಾತಿನ ಗುಳ್ಳೆಯಲ್ಲಿ ಎಲ್ಲ ದೊಡ್ಡಕ್ಷರ; ಒಂದೇ ಎತ್ತರ, ಇಟ್ಟಿಗೆ ಜೋಡಿಸಿದ ಹಾಗೆ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. 'ಸ್ತ್ರೀ' ಎಂದು ಬರೆದರೆ ಎರಡು ಸಾಲಿನ ಜಾಗ ಬೇಡುತ್ತದೆ. ಇಂಗ್ಲಿಷಿಗೆಂದು ಬಿಟ್ಟ ಗುಳ್ಳೆಯೊಳಗೆ ಕನ್ನಡವನ್ನು ತುರುಕಿದಾಗ ಅಕ್ಷರ ಇರುವೆಯಾಗುತ್ತದೆ, ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ಡಿಕ್ಕಿ ಹೊಡೆಯುತ್ತವೆ. ಓದುವ ಮಗುವಿಗೆ ಕನ್ನಡವೇ ಕಷ್ಟವೆಂಬ ಭಾವನೆ ಬರುತ್ತದೆ. ತಪ್ಪು ಭಾಷೆಯದಲ್ಲ, ಗುಳ್ಳೆಯದು. ಕನ್ನಡದಲ್ಲೇ ಯೋಚಿಸಿ ಮಾಡುವವನು ಮೊದಲು ಅಕ್ಷರ ಬರೆದು, ಸಾಲುಗಳ ನಡುವೆ ಗಾಳಿಯಾಡಲು ಬಿಟ್ಟು, ಆಮೇಲೆ ಸುತ್ತ ಗುಳ್ಳೆ ಎಳೆಯಬೇಕು. ಇಲ್ಲಿರುವ ಹುಡುಗರಲ್ಲಿ ಅರ್ಧದಷ್ಟು ಮಂದಿ ಗುಳ್ಳೆ ಮೊದಲು ಎಳೆದಿದ್ದಾರೆ, ಕೊನೆಯ ಪದ ಗೋಡೆಗೆ ಒರಗಿ ನಿಂತಿದೆ. ಬೈಯುತ್ತಿಲ್ಲ, ನಾನೂ ಹತ್ತು ವರ್ಷ ಅದೇ ಮಾಡಿದೆ.

ಇನ್ನು ಸದ್ದು. ಅನುವಾದದಲ್ಲಿ ಬಾಗಿಲು 'ಬ್ಯಾಂಗ್' ಎನ್ನುತ್ತದೆ. ನಮ್ಮ ಬಾಗಿಲು ಹಾಗೆ ಎಂದಾದರೂ ಅಂದದ್ದುಂಟೆ? ಅದು ದಢಾರ್ ಎನ್ನುತ್ತದೆ. ಬಿಂದಿಗೆ ದಬಕ್ಕನೆ ಬೀಳುತ್ತದೆ, ಒಗ್ಗರಣೆ ಚುಂಯ್ ಎನ್ನುತ್ತದೆ, ಮಳೆ ಪಟಪಟ ಶುರುವಾಗಿ ಧೋ ಎಂದು ಸುರಿಯುತ್ತದೆ. ಅನುಕರಣಾವ್ಯಯಗಳ ಇಷ್ಟು ದೊಡ್ಡ ಉಗ್ರಾಣ ಇಟ್ಟುಕೊಂಡು ಪರರ ಬಾಗಿಲು ಬಡಿಯುವುದು ಯಾಕೆ? ಇಲ್ಲಿ ಒಬ್ಬ ಹುಡುಗ ಬೇಗೂರು ರಸ್ತೆಯ ವಾಹನಗಳ ಸಾಲನ್ನು ಒಂದು ಇಡೀ ಪುಟ ಬರೆದು, ಮೇಲೆ 'ಪೇಂ' ಎಂಬ ಒಂದೇ ಅಕ್ಷರವನ್ನು ಅಂಚಿನಿಂದ ಅಂಚಿಗೆ ಎಳೆದಿದ್ದಾನೆ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಸ್ಕಾಟ್ ಮೆಕ್‌ಕ್ಲೌಡ್ ಎಂಬ ಅಮೆರಿಕದ ಚಿತ್ರಕಾರ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ 1993ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಅವನು ಒತ್ತಿ ಹೇಳುವುದು ಚೌಕದ ಮಾತಲ್ಲ, ಚೌಕ-ಚೌಕಗಳ ನಡುವಿನ ಬಿಳಿಯ ಸಂದಿಯ ಮಾತು. ಒಂದು ಚೌಕದಲ್ಲಿ ಕೊಡಲಿ ಎತ್ತಿದ್ದಾನೆ. ಮುಂದಿನದರಲ್ಲಿ ಊರ ಮೇಲಿನ ಆಕಾಶ, ಒಂದು ಚೀತ್ಕಾರ. ಕೊಂದದ್ದು ಯಾರು? ಓದುಗನೇ, ಆ ಸಂದಿಯಲ್ಲಿ. ನಮ್ಮ ವೀರಗಲ್ಲನ್ನು ಹಾಗೆ ನೋಡಿ. ಕೆಳಗಿನ ಮನೆಯಲ್ಲಿ ವೀರ ಹೋರಾಡುತ್ತಿದ್ದಾನೆ, ಮೇಲಿನದರಲ್ಲಿ ಅಪ್ಸರೆಯರ ನಡುವೆ ಇದ್ದಾನೆ. ಅವನು ಸತ್ತ ಗಳಿಗೆ ಹೆಚ್ಚಿನ ಕಲ್ಲುಗಳಲ್ಲಿ ಎಲ್ಲೂ ಇಲ್ಲ. ಅದು ಆ ಪಟ್ಟಿಯಲ್ಲಿದೆ, ಬರಹವಿರುವ ಆ ಪಟ್ಟಿಯಲ್ಲಿ. ಕಲ್ಲಿನ ಮುಂದೆ ದೀಪ ಹಚ್ಚುತ್ತಿದ್ದ ಅವನ ಹೆಂಡತಿ ಮಕ್ಕಳು ಅದನ್ನು ತಾವೇ ತುಂಬಿಕೊಳ್ಳುತ್ತಿದ್ದರು.

ಗೋಂಡ ಚಿತ್ರಕಲೆಯ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಗಳು ಅಂಬೇಡ್ಕರರ ಬದುಕನ್ನು 'ಭೀಮಾಯನ' ಎಂಬ ಹೆಸರಿನಲ್ಲಿ 2011ರಲ್ಲಿ ಚಿತ್ರಿಸಿದಾಗ ಚೌಕಗಳನ್ನೇ ಹಾಕಲಿಲ್ಲ. ಮನುಷ್ಯರನ್ನು ಡಬ್ಬಿಯೊಳಗೆ ಕೂಡಿಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಒಳ್ಳೆಯವರ ಮಾತಿಗೆ ಹಕ್ಕಿಯ ಆಕಾರದ ಗುಳ್ಳೆ, ನೀರು ಕೊಡದವರ ಮಾತಿಗೆ ಚೇಳಿನ ಕೊಂಡಿ. ಇಂಥದನ್ನು ಯಾವ ಕಾರ್ಖಾನೆಯೂ ಯೋಚಿಸುತ್ತಿರಲಿಲ್ಲ. 1994ರಲ್ಲೇ ಓರಿಜಿತ್ ಸೇನ್ ನರ್ಮದೆಯ ಅಣೆಕಟ್ಟಿನ ಬಗ್ಗೆ ಇಡೀ ಪುಸ್ತಕ ಚಿತ್ರಿಸಿದ್ದರು. ನಮ್ಮ ಬೆಂಗಳೂರಿನಲ್ಲೇ ಅಪ್ಪುಪೆನ್ ಎಂಬ ಹೆಸರಿನಲ್ಲಿ ಬರೆಯುವವರೊಬ್ಬರ ಪುಸ್ತಕಗಳಲ್ಲಿ ಮಾತು ಬಹಳ ಕಡಿಮೆ. 2010ರಲ್ಲಿ ಮಂಟಾ ರೇ ಎಂಬ ಬೆಂಗಳೂರಿನ ಪುಟ್ಟ ಪ್ರಕಾಶನದ 'ಹಶ್' ಬಂತು; ಅದರಲ್ಲಿ ಮಾತೇ ಇಲ್ಲ. ಮಾತಿಲ್ಲದ್ದಕ್ಕೆ ಭಾಷೆಯ ಗಡಿಯಿಲ್ಲವೆಂದು ಹೊಗಳುತ್ತಾರೆ. ನಿಜ. ಆದರೆ ನನಗೆ ಮಾತಿರುವ ಕನ್ನಡದ ಪುಸ್ತಕಗಳ ಮೇಲೆ ಆಸೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ಶರದ್ ಶರ್ಮಾ ಎಂಬವರು ಹಳ್ಳಿಗಳಲ್ಲಿ ಕಲಿಸಿದ ಒಂದು ಉಪಾಯವಿದೆ. ಜೆರಾಕ್ಸ್ ಅಂಗಡಿಯ ಎರಡು ಎ4 ಹಾಳೆ ಅಂಟಿಸಿ, ನಾಲ್ಕು ಚೌಕದಲ್ಲಿ ಒಂದು ಕಥೆ ಹೇಳಿ, ಬಸ್ ನಿಲ್ದಾಣದ ಗೋಡೆಗೆ, ಚಹಾದ ಅಂಗಡಿಗೆ ಅಂಟಿಸುವುದು. ಇಲ್ಲಿಯ ಮಕ್ಕಳದು ಇನ್ನೂ ಅಗ್ಗ. ಒಂದೇ ಹಾಳೆಯನ್ನು ಎಂಟಾಗಿ ಮಡಿಸಿ, ನಡುವೆ ಒಂದು ಸೀಳು ಕತ್ತರಿಸಿ, ಮತ್ತೆ ಮಡಿಸಿದರೆ ಎಂಟು ಪುಟದ ಪುಸ್ತಕ. ಪಿನ್ನು ಬೇಡ, ಗೋಂದು ಬೇಡ, ಒಂದೇ ಮಗ್ಗುಲು ಪ್ರತಿ ತೆಗೆದರೆ ಸಾಕು. ಹೊದಿಕೆ, ಬೆನ್ನು ಕಳೆದರೆ ಕಥೆಗೆ ಆರು ಪುಟ. ಬೇಗೂರಿನ ಶಿಲ್ಪಿಗೆ ಸಿಕ್ಕಿದ್ದು ಒಂದೇ ಪುಟ.

ಆದರೆ ಆ ಶಿಲ್ಪಿಗೂ ನಿಮಗೂ ಒಂದು ವ್ಯತ್ಯಾಸವಿದೆ, ನಾನು ಬಂದದ್ದು ಅದನ್ನು ಹೇಳಲಿಕ್ಕೆ. ಆ ಕಲ್ಲನ್ನು ಸುಮ್ಮನೆ ನೆಟ್ಟದ್ದಲ್ಲ. ಇರುಗನಿಗೆ ಪಟ್ಟವಾಯಿತು, ಊರುಗಳು ದತ್ತಿಯಾದವು ಎಂಬುದಕ್ಕೆ ಅದೇ ದಾಖಲೆ. ನಾಗತ್ತರ ಸತ್ತದ್ದು ಅರಸನ ಕೆಲಸಕ್ಕೆ, ಆದ್ದರಿಂದ ಈ ನೆಲ ಈ ಮನೆಯದು ಎಂದು ಅದು ಸಾರುತ್ತದೆ. ಶಿಲ್ಪಿಗೆ ಕೂಲಿ ಕೊಟ್ಟವರಿಗೆ ಬೇಕಾದ ಕಥೆ ಅದು. ಆ ನೆಲ ಉಳುತ್ತಿದ್ದವರು ಚಿತ್ರದಲ್ಲಿಲ್ಲ. ನಾನೂ ಕೂಲಿಗೆ ಬರೆದವನೇ. ಬಹಳ ಹಿಂದೆ ಒಬ್ಬ ಪ್ರಕಾಶಕರಿಗೆ ಮೂವತ್ತೆರಡು ಪುಟದ ಕಥೆ ಚಿತ್ರಿಸಿ ಕೊಟ್ಟೆ. ಕೊನೆಯಲ್ಲಿ ನನ್ನ ನಾಯಕ ಸೋತು ಊರು ಬಿಡುತ್ತಾನೆ. ಅಚ್ಚಾಗಿ ಬಂದಾಗ ಕೊನೆಯ ಪುಟದಲ್ಲಿ ಯಾರದೋ ಕೈಯಲ್ಲಿ ಬರೆದ ಮದುವೆಯ ಚಪ್ಪರವಿತ್ತು. ಸಂಭಾವನೆ ಪೂರ್ತಿ ಬಂತು, ಅದನ್ನು ತೆಗೆದುಕೊಂಡೆ. ನಿಮ್ಮ ಪುಸ್ತಕಕ್ಕೆ ಯಾರೂ ಕೂಲಿ ಕೊಡುತ್ತಿಲ್ಲ. ಹಾಗಾಗಿ ಚಪ್ಪರ ಹಾಕುವವರೂ ಇಲ್ಲ.

ಹಾಗೆಂದು ನಾನು ತಿಳಿದಿದ್ದೆ. ಹೋದ ವರ್ಷ ಹೊಸೂರು ರಸ್ತೆಯಾಚೆಯ ಒಂದು ಊರಿನಲ್ಲಿ ಮಕ್ಕಳಿಗೆ ಈ ಮಡಿಕೆಪುಸ್ತಕ ಹೇಳಿಕೊಡಲು ಹೋಗಿದ್ದೆ. ಒಂಬತ್ತನೇ ತರಗತಿಯ ಹುಡುಗಿ, ಹೆಸರು ಬೇಡ, ತನ್ನ ತಾತನ ರಾಗಿಹೊಲದ ಕಥೆ ಬರೆದಳು. ಮೊದಲ ಪುಟದಲ್ಲಿ ತೆನೆ. ಎರಡರಲ್ಲಿ ಸುಗ್ಗಿ. ಮೂರರಲ್ಲಿ ಕಾರಿನಿಂದ ಇಳಿದವರು. ನಾಲ್ಕರಲ್ಲಿ ಚಿಕ್ಕಪ್ಪಂದಿರ ಜಗಳ. ಐದರಲ್ಲಿ ತಾತನ ಕೈಯನ್ನು ಇನ್ನೊಬ್ಬರು ಹಿಡಿದು ಹೆಬ್ಬೆಟ್ಟು ಒತ್ತಿಸುತ್ತಿದ್ದಾರೆ. ಹಿಡಿದವರ ಮುಖ ಕಾಣುವುದಿಲ್ಲ, ಆದರೆ ಅಂಗಿಯ ತೋಳು ಕಾಣುತ್ತದೆ, ಊರಿನಲ್ಲಿ ಯಾರ ಅಂಗಿಯೆಂದು ಎಲ್ಲರಿಗೂ ಗೊತ್ತು. ಆರರಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡ, ಅದರ ಗೇಟಿನ ಮುಂದೆ ಕಾವಲುಗಾರನ ಉಡುಪಿನಲ್ಲಿ ಅವಳ ಅಪ್ಪ.

ಹದಿನೈದು ಪ್ರತಿ ತೆಗೆಸಿದಳು. ಅಪ್ಪ ನೋಡಿದರು. ಬೈಯಲಿಲ್ಲವಂತೆ. 'ಐದನೇ ಪುಟ ತೆಗೆದುಬಿಡಮ್ಮ, ನಾವು ಇಲ್ಲೇ ಬಾಳಬೇಕಲ್ಲ' ಎಂದರಂತೆ. ಹುಡುಗಿ ನನಗೆ ಫೋನ್ ಮಾಡಿ, 'ಸರ್, ನಮ್ಮ ಪುಸ್ತಕ ನಮ್ಮದೇ ಅಂದ್ರಲ್ಲ, ಈಗೇನ್ ಮಾಡ್ಲಿ?' ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಪ್ರಕಾಶಕರ ಮುಂದೆ ಜಗಳ ಆಡು ಎನ್ನಬಹುದು, ಅಪ್ಪನ ಮುಂದೆ ಹೇಗೆ ಹೇಳಲಿ? ಅವರು ಹೇಳಿದ್ದು ಸುಳ್ಳೂ ಅಲ್ಲ. 'ಎರಡು ದಿನ ಬಿಟ್ಟು ಇನ್ನೊಮ್ಮೆ ಚಿತ್ರ ನೋಡು, ನಿನ್ನ ಕಥೆಗೆ ಅಂಗಿಯ ತೋಳು ಬೇಕೇ ಬೇಕೋ ಯೋಚಿಸು' ಎಂದೆ. ಹೇಳಿದ ಮೇಲೆ, ನಾನೂ ಚಪ್ಪರ ಹಾಕಲು ಹೊರಟೆನೋ ಏನೋ ಎಂದು ರಾತ್ರಿ ನಿದ್ದೆ ಬರಲಿಲ್ಲ.

ವಾರದ ಮೇಲೆ ಎರಡನೆಯ ಮುದ್ರಣ ಅಂಚೆಯಲ್ಲಿ ಬಂತು. ಐದನೇ ಪುಟ ಇತ್ತು. ಅದರಲ್ಲಿ ತಾತನೂ ಇಲ್ಲ, ಅಂಗಿಯೂ ಇಲ್ಲ. ಮುಚ್ಚಳ ತೆರೆದ ಒಂದು ಶಾಯಿಯ ಪ್ಯಾಡು, ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಗುರುತನ್ನು ಬರೆದದ್ದಲ್ಲ, ಪ್ರತಿಯೊಂದು ಪ್ರತಿಯಲ್ಲೂ ತಾತನ ಹೆಬ್ಬೆಟ್ಟನ್ನೇ ನೀಲಿ ಶಾಯಿಯಲ್ಲಿ ಒತ್ತಿಸಿದ್ದಾಳೆ. ಈ ಸಲ ಯಾರೂ ಕೈ ಹಿಡಿದಿರಲಿಲ್ಲ, ತಾತನೇ ಕೂತು ಇಪ್ಪತ್ತು ಸಲ ಒತ್ತಿದರೆಂದು ಚೀಟಿಯಲ್ಲಿ ಬರೆದಿದ್ದಳು. ಈ ಮಾತನ್ನು ಇಲ್ಲಿ ಹೇಳಲು ಅವಳನ್ನೂ ಅವಳ ಅಪ್ಪನನ್ನೂ ಕೇಳಿಯೇ ಬಂದಿದ್ದೇನೆ. ಮೊದಲು ತೆಗೆಸಿದ ಹದಿನೈದು ಪ್ರತಿಗಳು ಮನೆಯ ಬೀರುವಿನಲ್ಲಿವೆಯಂತೆ, ಹರಿದಿಲ್ಲ.

ಆ ಪುಸ್ತಕ ಈ ಮೇಜಿನ ಮೇಲಿಲ್ಲ. ಇಲ್ಲಿರುವುದು ಬೇಗೂರಿನವು: ಕೆರೆಯ ಏರಿಯ ಮೇಲಿನ ನಾಯಿಗಳ ಸಂಘ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಮ್ಮನ ಒಂದು ದಿನ, ನಾಗತ್ತರ ವಸ್ತುಸಂಗ್ರಹಾಲಯದಿಂದ ತಪ್ಪಿಸಿಕೊಂಡು ಬಸ್ಸು ಹಿಡಿದು ಊರಿಗೆ ಬರುವ ಕಥೆ, ಮತ್ತೆ ಆ 'ಪೇಂ'. ಒಂದಕ್ಕೆ ಹತ್ತು ರೂಪಾಯಿ. ಹುಡುಗರ ಹತ್ತಿರ ಚಿಲ್ಲರೆ ಇಲ್ಲ, ನೀವೇ ಕೊಡಿ.